ಮಹಡಿಗೆ ವೈಫೈ ಬೇಕೆಂದರೆ ಮೊದಲು ವೈರು ಎಳೆಯಿರಿ

ಫೈಬರ್ ಕನೆಕ್ಷನ್ ಕೊಡಲು ಬರುವವರು ಪೆಟ್ಟಿಗೆಯನ್ನು ತಮಗೆ ಸಲೀಸಾದ ಜಾಗದಲ್ಲಿ ಹಾಕಿಹೋಗುತ್ತಾರೆ. ಕಂಬದಿಂದ ಬಂದ ವೈರು ಮನೆಯೊಳಗೆ ನುಗ್ಗುವ ಮೊದಲ ಗೋಡೆಯೇ ಆ ಜಾಗ, ಸಾಮಾನ್ಯವಾಗಿ ಹಾಲ್‌ನಲ್ಲಿ ಟಿವಿ ಪಕ್ಕ. 30–40 ಸೈಟಿನ ಡ್ಯೂಪ್ಲೆಕ್ಸ್ ಮನೆಯಲ್ಲಿ ಅದು ಕೆಳಗಿನ ಒಂದು ಮೂಲೆ. ಅಲ್ಲಿಂದ ಮಹಡಿಯ ಹಿಂದಿನ ಕೋಣೆಗೆ ಹೋಗುವ ಸಿಗ್ನಲ್ ಎರಡು ಇಟ್ಟಿಗೆ ಗೋಡೆಗಳನ್ನೂ ಕಬ್ಬಿಣ ಕಟ್ಟಿದ ಆರ್‌ಸಿಸಿ ಸ್ಲ್ಯಾಬನ್ನೂ ಓರೆಯಾಗಿ ದಾಟಬೇಕು. ಓರೆಯಾಗಿ ದಾಟುವಾಗ 5 ಇಂಚಿನ ಸ್ಲ್ಯಾಬು 5 ಇಂಚಾಗಿ ಉಳಿಯುವುದಿಲ್ಲ. 5 ಗಿಗಾಹರ್ಟ್ಸ್ ಸಿಗ್ನಲ್ ದಾರಿಯಲ್ಲೇ ಸತ್ತಿರುತ್ತದೆ. 2.4 ಹೇಗೋ ಒಂದೆರಡು ಕಡ್ಡಿ ತೋರಿಸುತ್ತದೆ, ವಿಡಿಯೊ ಕಾಲ್ ಮಾಡಿದರೆ ಎದುರಿನವರ ಮುಖ ಚೌಕಚೌಕವಾಗಿ ಒಡೆಯುತ್ತದೆ.

ಆಗ ಹೆಚ್ಚಿನವರು ರಿಪೀಟರ್ ತರುತ್ತಾರೆ. ಮಹಡಿಯ ಪ್ಲಗ್ಗಿಗೆ ಸಿಕ್ಕಿಸಿದ ಕೂಡಲೇ ಕಡ್ಡಿಗಳು ತುಂಬುತ್ತವೆ, ಸ್ಪೀಡು ಮಾತ್ರ ಇದ್ದಲ್ಲೇ ಇರುತ್ತದೆ. ಕಾರಣ ಸರಳ: ರಿಪೀಟರಿಗೆ ಸಿಗುವುದೂ ಅದೇ ಸ್ಲ್ಯಾಬ್ ದಾಟಿ ಬಂದ ಬಡಕಲು ಸಿಗ್ನಲ್. ಅದನ್ನು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದೇ ರೇಡಿಯೊದಲ್ಲಿ ಮತ್ತೆ ಹೇಳಬೇಕಾದ್ದರಿಂದ ಇದ್ದ ವೇಗದಲ್ಲಿ ಅರ್ಧ ಅಲ್ಲಿಯೇ ಹೋಗುತ್ತದೆ. ಕಡ್ಡಿಗಳು ಹೇಳುವುದು ಫೋನಿಗೂ ರಿಪೀಟರಿಗೂ ಇರುವ ಸಂಬಂಧವನ್ನು. ರಿಪೀಟರಿಗೂ ಕೆಳಗಿನ ರೌಟರಿಗೂ ಹೇಗಿದೆ ಅನ್ನುವುದು ಫೋನಿಗೆ ಗೊತ್ತೇ ಇಲ್ಲ.

ಕೆಳಗಿನಿಂದ ಮೇಲಕ್ಕೆ ಒಂದು ಈಥರ್ನೆಟ್ ಕೇಬಲ್, ಮೇಲೆ ಇನ್ನೊಂದು ರೌಟರ್. ಪರಿಹಾರ ಇಷ್ಟೇ. ಎರಡನೆಯದು ಹಳೆಯ ರೌಟರೇ ಆದರೂ ಪರವಾಗಿಲ್ಲ. ಮನೆಯ ಉದ್ದಗಲಕ್ಕೆ ಡೇಟಾ ಹೊರುವ ಕೆಲಸ ವೈರಿನದು, ಕೋಣೆಯೊಳಗಿನ ಕೊನೆಯ ಏಳೆಂಟು ಮೀಟರ್ ಮಾತ್ರ ವೈಫೈಯದು. ಕೇಳಲು ಸುಲಭ, ಆದರೆ ವೈರು ಆರಿಸುವಲ್ಲಿ, ತುದಿ ಕಟ್ಟುವಲ್ಲಿ, ಆ ಎರಡನೇ ರೌಟರಿನ ಸೆಟ್ಟಿಂಗ್‌ನಲ್ಲಿ ಎಡವುವವರೇ ಜಾಸ್ತಿ.

ಯಾವ ವೈರು

ಅಂಗಡಿಯಲ್ಲಿ ಕ್ಯಾಟ್ 6, ಪೂರ್ತಿ ತಾಮ್ರದ್ದು ಎಂದು ಬಾಯಿಬಿಟ್ಟು ಕೇಳಿ. ಕ್ಯಾಟ್ 5ಇ ಕೂಡ 100 ಮೀಟರ್ ತನಕ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ, ಈಗಾಗಲೇ ಗೋಡೆಯೊಳಗೆ ಅದೇ ಇದ್ದರೆ ಕೀಳಿಸುವ ಅಗತ್ಯವಿಲ್ಲ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ. ಮನೆಯೊಳಗಿನ 20 ಮೀಟರಿಗೆ ಅದರಲ್ಲಿ 10 ಗಿಗಾಬಿಟ್ ಕೂಡ ಓಡುತ್ತದೆ. ಆನ್‌ಲೈನಿನಲ್ಲಿ ಕ್ಯಾಟ್ 7, ಕ್ಯಾಟ್ 8 ಎಂದು ಚಪ್ಪಟೆ ವೈರುಗಳನ್ನು ಮಾರುತ್ತಾರೆ. ಮನೆಗೆ ಅವು ದುಡ್ಡು ದಂಡ. ಸುತ್ತ ಫಾಯಿಲ್ ಇರುವ ಶೀಲ್ಡೆಡ್ ವೈರೂ ಬೇಡ, ಸರಿಯಾಗಿ ಅರ್ತಿಂಗ್ ಮಾಡದಿದ್ದರೆ ಆ ಫಾಯಿಲ್‌ನಿಂದ ಪ್ರಯೋಜನವಿಲ್ಲ.

ಮೋಸ ಇರುವುದು ತಾಮ್ರದಲ್ಲಿ. 305 ಮೀಟರಿನ ಡಬ್ಬಿ ತೀರಾ ಅಗ್ಗಕ್ಕೆ ಸಿಕ್ಕಿದರೆ ಅದು ಬಹುತೇಕ ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದು. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ: ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಡಬ್ಬಿ ಎತ್ತಿದಾಗ ಹಗುರ ಅನ್ನಿಸುವುದೂ ಒಂದು ಸುಳಿವು. ಸಿಸಿಎ ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಬಾಗಿದ ಕಡೆ ಎಳೆ ಮುರಿಯುತ್ತದೆ, ಕನೆಕ್ಟರಿನೊಳಗೆ ಕಾಂಟ್ಯಾಕ್ಟ್ ಸಡಿಲಾಗುತ್ತದೆ. ತಾಮ್ರಕ್ಕಿಂತ ರೆಸಿಸ್ಟೆನ್ಸ್ ಹೆಚ್ಚಿರುವುದರಿಂದ ಅದೇ ವೈರಿನಲ್ಲಿ ಕ್ಯಾಮೆರಾಕ್ಕೋ ಆಕ್ಸೆಸ್ ಪಾಯಿಂಟಿಗೋ (ವೈಫೈ ಹರಡುವುದಷ್ಟೇ ಕೆಲಸವಾದ ಪೆಟ್ಟಿಗೆ) ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ಗೋಡೆಯೊಳಗೆ ಹೋಗುವ ವೈರಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಯಾವ ದಾರಿ

ಹೊಸ ಮನೆ ಕಟ್ಟಿಸುತ್ತಿದ್ದರೆ ಸ್ಲ್ಯಾಬ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಡೇಟಾಗೆಂದೇ 25 ಎಂಎಂ ಪೈಪ್ ಬೇರೆ ಹಾಕಿಸಿ. ತಿರುವುಗಳಲ್ಲಿ ಚೂಪು ಎಲ್ಬೋ ಬೇಡ, ಉದ್ದ ಬೆಂಡ್ ಇರಲಿ. ಹೊರಗೆ ಹೇಗೂ ಕಾಣುವುದಿಲ್ಲವಲ್ಲ ಎಂದು ಪವರ್ ವೈರಿನ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ಲನ್ನೂ ತೂರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಒಪ್ಪಲೇಬೇಡಿ. ಗದ್ದಲ ಬಂದು ಡೇಟಾ ಕೆಡುವುದು ಸಣ್ಣ ಮಾತು. ಒಂದು ಕಡೆ ಇನ್ಸುಲೇಷನ್ ಸುಲಿದು 230 ವೋಲ್ಟ್ ರೌಟರಿನ ಪೋರ್ಟಿಗೆ, ಅಲ್ಲಿಂದ ಕೈಗೆ ಬರಬಹುದು. ಎರಡೂ ಪಕ್ಕಪಕ್ಕದಲ್ಲಿ ಉದ್ದಕ್ಕೆ ಹೋಗುವುದಾದರೆ ನಡುವೆ ಒಂದಡಿ ಅಂತರವಿರಲಿ, ಅಡ್ಡ ದಾಟುವುದಾದರೆ ನೇರ ಅಡ್ಡವಾಗಿ ದಾಟಲಿ.

ಕಟ್ಟಿ ಮುಗಿದ ಮನೆಯಲ್ಲಿ ನಿಮಗೆ ಗೊತ್ತಿಲ್ಲದ ಒಂದು ದಾರಿ ಇರಬಹುದು: ಟೆರೇಸಿನ ಡಿಶ್‌ನಿಂದ ಕೋಣೆಗಳಿಗೆ ಇಳಿದ ಟಿವಿ ಕೇಬಲ್ಲಿನ ಪೈಪು. ಈಗ ಎಷ್ಟೋ ಮನೆಗಳಲ್ಲಿ ಆ ಆರ್‌ಜಿ6 ಕೇಬಲ್ ಸುಮ್ಮನೆ ಕೂತಿದೆ. ಅದರ ದಪ್ಪ ಸುಮಾರು 7 ಎಂಎಂ, ಕ್ಯಾಟ್ 6 ಅದಕ್ಕಿಂತ ಕೂದಲೆಳೆ ಸಣ್ಣದು. ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಇನ್ನೊಂದು ಕಡೆಯಿಂದ ಎಳೆದರೆ ಬರುತ್ತದೆ. ಕಟ್ಟುವುದರಲ್ಲೇ ಎಲ್ಲ ಇದೆ. ಗಂಟು ಹಾಕಿದರೆ ಮೊದಲ ಬೆಂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕ್ಯಾಟ್ 6ನ ಹೊರಪದರವನ್ನು 10 ಸೆಂಟಿಮೀಟರ್ ಸುಲಿದು, ಎಳೆಗಳಲ್ಲಿ ಅರ್ಧದಷ್ಟನ್ನು ಕತ್ತರಿಸಿ ತುದಿಯನ್ನು ಸಪೂರ ಮಾಡಿ, ಉಳಿದವನ್ನು ಹಳೆಯ ಕೇಬಲ್ಲಿನ ಮೇಲೆ ಹೊಂದಿಸಿಟ್ಟು ಇನ್ಸುಲೇಷನ್ ಟೇಪನ್ನು ಬಿಗಿಯಾಗಿ ಸುತ್ತಿ, ಎಳೆಯುವ ದಿಕ್ಕಿಗೆ ಇಳಿಜಾರಾಗುವಂತೆ. ಮೇಲೆ ಟಾಲ್ಕಂ ಪೌಡರ್ ಸವರಿ. ಎಣ್ಣೆ, ಗ್ರೀಸ್ ಬೇಡ, ಪಿವಿಸಿ ಹೊರಪದರವನ್ನು ತಿನ್ನುತ್ತವೆ. ಒಬ್ಬರು ಮೇಲಿನಿಂದ ತಳ್ಳಬೇಕು, ಇನ್ನೊಬ್ಬರು ಕೆಳಗಿನಿಂದ ಎಳೆಯಬೇಕು. ಹತ್ತು ಹನ್ನೊಂದು ಕಿಲೋ ಭಾರಕ್ಕಿಂತ ಹೆಚ್ಚಿನ ಜಗ್ಗಾಟವನ್ನು ಈ ವೈರು ತಾಳುವುದಿಲ್ಲ, ಒಳಗಿನ ಎಂಟು ಎಳೆಗಳನ್ನು ಜೋಡಿಜೋಡಿಯಾಗಿ ಹೊಸೆದ ತಿರುಚು ಕೆಡುತ್ತದೆ. ಅಲುಗಾಡದಿದ್ದರೆ ನಿಲ್ಲಿಸಿ, ಎರಡಡಿ ಹಿಂದಕ್ಕೆ ಎಳೆದು ಮತ್ತೆ ಪ್ರಯತ್ನಿಸಿ.

ಪೈಪಿನಲ್ಲಿ ಜಾಗವಿದ್ದರೆ ಒಂದರ ಬದಲು ಎರಡು ಕೇಬಲ್ ಎಳೆಯಿರಿ. ಎರಡನೆಯದರ ಖರ್ಚು ವೈರಿನದಷ್ಟೇ, ಕೂಲಿ ಒಂದೇ. ಜತೆಗೊಂದು ನೈಲಾನ್ ದಾರವನ್ನೂ ಒಳಗೆ ಬಿಟ್ಟಿರಿ. ಪ್ರತಿ ತುದಿಯಲ್ಲೂ ಒಂದು ಮೀಟರ್ ಹೆಚ್ಚು ಉಳಿಸಿಕೊಳ್ಳಿ, ಕ್ರಿಂಪ್ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ್ದು) ಕೆಟ್ಟರೆ ಕತ್ತರಿಸಿ ಮತ್ತೆ ಕಟ್ಟಲು ಬೇಕಾಗುತ್ತದೆ.

ಪೈಪೇ ಇಲ್ಲವೆಂದರೆ ಮೆಟ್ಟಿಲ ಪಕ್ಕದ ಗೋಡೆಗೆ ಕೇಸಿಂಗ್ ಪಟ್ಟಿ, ಇಲ್ಲವೇ ಹೊರಗೋಡೆ. ಹೊರಗೆ ಹೋಗುವುದಾದರೆ ಹೊರಾಂಗಣದ ಕಪ್ಪು ಕೇಬಲ್ಲೇ ಆಗಬೇಕು. ಒಳಗಿನ ಬೂದು ವೈರು ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ, ಸೀಳಿನಲ್ಲಿ ಮಳೆನೀರು ಸೇರಿ ವೈರಿನೊಳಗಿಂದಲೇ ಇಳಿದು ರೌಟರಿನ ಪೋರ್ಟನ್ನು ಹಸಿರುಗಟ್ಟಿಸುತ್ತದೆ. ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ, ವೈರು ತೂತಿಗೆ ಬರುವ ಮುಂಚೆ ಒಮ್ಮೆ ಕೆಳಕ್ಕೆ ಜೋತು ಮೇಲೆ ಏರಲಿ. ಹಂಚಿನ ಮನೆಯ ಅಟ್ಟದ ಮೇಲೆ ಬರಿ ವೈರು ಹಾಸಿದರೆ ಇಲಿಗೆ ಹಬ್ಬ, ಅಲ್ಲಿ ಪೈಪ್ ಇಲ್ಲದೆ ಹಾಕಬೇಡಿ.

ತುದಿ ಕಟ್ಟುವುದು

ಗೋಡೆಯೊಳಗಿನ ವೈರಿನ ಎಳೆ ಗಟ್ಟಿ ತಂತಿ. ಅದಕ್ಕೆ ಗೋಡೆಯಲ್ಲಿ ಐಒ ಸಾಕೆಟ್ (ನೆಟ್‌ವರ್ಕ್ ವೈರಿನ ಸಾಕೆಟ್) ಕೂರಿಸಿ, ಅಲ್ಲಿಂದ ರೌಟರಿಗೆ ರೆಡಿಮೇಡ್ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ವೈರು) ಹಾಕುವುದು ಸರಿಯಾದ ಕ್ರಮ. ಗಟ್ಟಿ ತಂತಿಯ ತುದಿಗೇ ನೇರ ಆರ್‌ಜೆ45 ಕನೆಕ್ಟರ್ ಕ್ರಿಂಪ್ ಮಾಡಿ ರೌಟರಿಗೆ ಸಿಕ್ಕಿಸಿದರೂ ನಡೆಯುತ್ತದೆ, ಪದೇಪದೇ ಅಲುಗಾಡಿಸದಿದ್ದರೆ. ಕ್ಯಾಟ್ 6 ಎಳೆ ದಪ್ಪ, ಕ್ಯಾಟ್ 5ಇ ಕನೆಕ್ಟರಿಗೆ ತುರುಕಿದರೆ ಒಂದೆರಡು ಎಳೆ ಪೂರ್ತಿ ಒಳಗೆ ಹೋಗುವುದಿಲ್ಲ. ಕನೆಕ್ಟರನ್ನೂ ಕ್ಯಾಟ್ 6 ಎಂದೇ ಕೇಳಿ ತನ್ನಿ.

ಬಣ್ಣದ ಕ್ರಮ ಟಿ568ಬಿ. ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಮೇಲೆ, ತುದಿ ನಿಮ್ಮಿಂದಾಚೆಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. ಎರಡೂ ತುದಿಗೆ ಇದೇ. ತಿರುಚನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬೇಡಿ, ಹೊರಪದರ ಕನೆಕ್ಟರಿನ ಒಳಗೇ ಕಚ್ಚಿಕೊಂಡಿರಬೇಕು.

"ಎರಡೂ ಕಡೆ ಒಂದೇ ಕ್ರಮ ಇದ್ದರೆ ಸಾಕು ಸಾರ್, ಯಾವ ಬಣ್ಣ ಆದ್ರೇನು" ಎಂದು ಹೇಳುವವರು ಊರಿಗೊಬ್ಬರಿದ್ದಾರೆ. ಅವರ ಮಾತು ಕೇಳಬೇಡಿ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಅಕ್ಕಪಕ್ಕ ಇಟ್ಟು ಕಟ್ಟಿದರೆ ಎಂಟೂ ತಂತಿ ಈ ತುದಿಯಿಂದ ಆ ತುದಿಗೆ ಸರಿಯಾಗಿಯೇ ಮುಟ್ಟುತ್ತವೆ, 200 ರೂಪಾಯಿಯ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೆ ಈಥರ್ನೆಟ್ಟಿಗೆ 3 ಮತ್ತು 6ನೇ ಪಿನ್ ಒಂದು ಜೋಡಿ, 4 ಮತ್ತು 5 ಇನ್ನೊಂದು ಜೋಡಿ. ಒಂದು ಸಿಗ್ನಲ್ಲಿನ ಹೋಗುವ ತಂತಿ ಒಂದು ತಿರುಚಿನಲ್ಲಿ, ಬರುವ ತಂತಿ ಮತ್ತೊಂದು ತಿರುಚಿನಲ್ಲಿ ಸಿಕ್ಕಿದರೆ ಗದ್ದಲ ತಡೆಯಲೆಂದು ತಿರುಚಿದ ಉದ್ದೇಶವೇ ಹಾಳು. ಒಂದೆರಡು ಮೀಟರಿನಲ್ಲಿ ಇದು ಗೊತ್ತಾಗದೆ ಹೋಗಬಹುದು. 20 ಮೀಟರಿನಲ್ಲಿ ಲಿಂಕು ಬಂದು ಬಂದು ಹೋಗುತ್ತದೆ, ಇಲ್ಲವೇ 100 ಎಂಬಿಪಿಎಸ್‌ಗೆ ಕುಸಿಯುತ್ತದೆ. ಟೆಸ್ಟರ್ ಸರಿ ಅಂದರೂ ಲಿಂಕ್ ಸರಿಯಿಲ್ಲ ಎಂದರೆ ಮೊದಲು ಕನೆಕ್ಟರಿನ ಬಣ್ಣ ಓದಿ.

ಎರಡನೇ ರೌಟರು ರೌಟರಾಗಿ ಇರಬಾರದು

ಅತಿ ಹೆಚ್ಚು ಮನೆಗಳಲ್ಲಿ ತಪ್ಪಾಗಿರುವುದು ಇಲ್ಲಿಯೇ. ಕೆಳಗಿನ ಒಎನ್‌ಟಿಯ (ಫೈಬರಿನವರು ಹಾಕಿಹೋದ ಪೆಟ್ಟಿಗೆ, ಕೆಳಗಿನ ರೌಟರೂ ಅದೇ) ಲ್ಯಾನ್ ಪೋರ್ಟಿನಿಂದ, ಅಂದರೆ ಮನೆಯ ಸಾಧನಗಳಿಗೆಂದು ಇರುವ ಪೋರ್ಟಿನಿಂದ, ಬಂದ ವೈರನ್ನು ಮೇಲಿನ ರೌಟರಿನ ನೀಲಿ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ಟಿಗೆಂದು ಇರುವ ಪೋರ್ಟಿಗೆ, ಸಿಕ್ಕಿಸುತ್ತಾರೆ. ಇಂಟರ್ನೆಟ್ ಬರುತ್ತದೆ, ಎಲ್ಲರೂ ಖುಷಿ. ಆದರೆ ಈಗ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್: ಕೆಳಗೆ 192.168.1 ಸಾಲಿನದು, ಮೇಲೆ ಮತ್ತೊಂದು. ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ಕಾಸ್ಟ್ ಆಗುವುದಿಲ್ಲ, ಮೆಟ್ಟಿಲು ಹತ್ತಿದರೆ ವಾಟ್ಸ್ಆಪ್ ಕಾಲ್ ಕಡಿಯುತ್ತದೆ. ಪ್ರಿಂಟರನ್ನೂ ಟಿವಿಯನ್ನೂ ಹುಡುಕುವ ಕೂಗು ಒಂದು ನೆಟ್‌ವರ್ಕಿನ ಬೇಲಿಯೊಳಗೇ ಕೇಳಿಸುವಂಥದ್ದು, ರೌಟರ್ ಅದನ್ನು ದಾಟಿಸುವುದಿಲ್ಲ. ಎರಡೂ ರೌಟರ್ 192.168.1.1 ವಿಳಾಸದಲ್ಲೇ ಇದ್ದರಂತೂ ಮೇಲಿನದಕ್ಕೆ ಒಳಗೆ ಯಾವುದು ಹೊರಗೆ ಯಾವುದು ತಿಳಿಯದೆ ಇಂಟರ್ನೆಟ್ಟೂ ಬರುವುದಿಲ್ಲ. ಕೆಲವು ರೌಟರ್‌ಗಳು ಇದನ್ನು ಗಮನಿಸಿ ತಾವೇ ವಿಳಾಸ ಬದಲಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ವೈರಿನ ಪಿಸಿ, ವೈಫೈ ಫೋನು, ಪ್ರಿಂಟರು, ಕ್ಯಾಮೆರಾ ಎಲ್ಲವೂ ಆ ಒಬ್ಬರಿಂದಲೇ ವಿಳಾಸ ಪಡೆದರೆ ವೈರು–ವೈಫೈ ಎಂಬ ಭೇದವೇ ಉಳಿಯುವುದಿಲ್ಲ. ಮೇಲಿನ ರೌಟರ್ ಬರೀ ಆಕ್ಸೆಸ್ ಪಾಯಿಂಟ್ ಆಗಬೇಕು.

ಅದರ ಸೆಟ್ಟಿಂಗ್ಸ್‌ನಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ಆಕ್ಸೆಸ್ ಪಾಯಿಂಟ್ ಎಂದಿದ್ದರೆ ಅದನ್ನು ಆರಿಸಿ, ರೀಬೂಟ್ ಆಗಲು ಬಿಡಿ, ಕೆಲಸ ಮುಗಿಯಿತು. ಆಮೇಲೆ ಅದರ ಹಳೆಯ ವಿಳಾಸ ನಡೆಯುವುದಿಲ್ಲ, ಒಎನ್‌ಟಿ ಕೊಟ್ಟ ಹೊಸ ವಿಳಾಸವನ್ನು ಒಎನ್‌ಟಿಯ ಡಿವೈಸ್ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಹಳೆಯ ರೌಟರಿನಲ್ಲಿ ಆ ಮೋಡ್ ಇರುವುದಿಲ್ಲ. ಆಗ ಕೈಯಾರೆ ಮಾಡಬೇಕು, ಮತ್ತು ಕ್ರಮ ತಪ್ಪಬಾರದು. ಮೊದಲು ರೌಟರನ್ನು ಮನೆಯ ನೆಟ್‌ವರ್ಕಿಗೆ ಜೋಡಿಸದೆ ಪ್ರತ್ಯೇಕ ಇಡಿ. ಹಿಂದಿನ ರಿಸೆಟ್ ತೂತಿಗೆ ಪಿನ್ನು ಚುಚ್ಚಿ 10 ಸೆಕೆಂಡ್ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ವೈರಿನಿಂದ ಅದರ ಲ್ಯಾನ್ ಪೋರ್ಟಿಗೆ ಸೇರಿಸಿ, ತಳದ ಸ್ಟಿಕ್ಕರಿನಲ್ಲಿರುವ ವಿಳಾಸಕ್ಕೆ ಹೋಗಿ ಲಾಗಿನ್ ಆಗಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸವನ್ನು 192.168.1.2 ಮಾಡಿ, ಸಬ್‌ನೆಟ್ ಮಾಸ್ಕ್ 255.255.255.0. ಕೆಳಗಿನ ಒಎನ್‌ಟಿ 192.168.1.1ರಲ್ಲಿದೆ ಎಂಬ ಲೆಕ್ಕದಲ್ಲಿ ಇದು. ಅದು 192.168.29.1 ಆಗಿದ್ದರೆ ಇದು 192.168.29.2. ಸೇವ್ ಮಾಡಿದ ಕೂಡಲೇ ಪೇಜು ಕಡಿದುಹೋಗುತ್ತದೆ, ಗಾಬರಿ ಬೇಡ. ವೈರು ತೆಗೆದು ಹಾಕಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ. ಡಿಎಚ್‌ಸಿಪಿ ಸರ್ವರನ್ನು, ಅಂದರೆ ವಿಳಾಸ ಹಂಚುವ ಕೆಲಸವನ್ನು, ಆಫ್ ಮಾಡುವುದು ಕಟ್ಟಕಡೆಗೆ. ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿಲ್ಲದೆ ಅದು 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡು ಕೂರುತ್ತದೆ, ರೌಟರಿನ ಪೇಜು ತೆರೆಯುವುದಿಲ್ಲ. ಹಾಗಾದರೆ ಲ್ಯಾಪ್‌ಟಾಪಿಗೆ ಕೈಯಾರೆ ರೌಟರಿನ ಸಾಲಿನದೇ ಒಂದು ವಿಳಾಸ, 192.168.1.50 ಎಂಬಂತೆ, ಕೊಟ್ಟು ಒಳಗೆ ಹೋಗಬಹುದು.

ಈಗ ಗೋಡೆಯಿಂದ ಬಂದ ವೈರನ್ನು ಮೇಲಿನ ರೌಟರಿನ ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ, ಮಕ್ಕಳು ಸಿಕ್ಕಿಸದಂತೆ ಟೇಪ್ ಅಂಟಿಸಿದರೂ ಸರಿಯೇ.

ಇನ್ನೊಂದು ಕೆಲಸ ಕೆಳಗಿನ ಒಎನ್‌ಟಿಯಲ್ಲಿ. ಅದು ಹಂಚುವ ವಿಳಾಸಗಳ ಸಾಲು 2ರಿಂದಲೇ ಶುರುವಾಗುತ್ತಿದ್ದರೆ 192.168.1.100ರಿಂದ 200 ಎಂದು ಬದಲಿಸಿ. ಇಲ್ಲದಿದ್ದರೆ ಒಂದು ದಿನ ಯಾರದೋ ಫೋನಿಗೆ 192.168.1.2 ಸಿಕ್ಕಿ ಎರಡಕ್ಕೂ ಜಗಳವಾಗುತ್ತದೆ. ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್‌ಗಳಿಗೂ 100ಕ್ಕಿಂತ ಕೆಳಗಿನ ಸ್ಥಿರ ವಿಳಾಸ ಕೊಟ್ಟರೆ ಮುಂದೆ ತಲೆನೋವಿಲ್ಲ.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಆಗುವ ತೊಂದರೆಗೆ ಒಂದು ವಿಚಿತ್ರ ಲಕ್ಷಣವಿದೆ: ಎಲ್ಲ ಫೋನುಗಳಿಗೂ ತೊಂದರೆ ಇರುವುದಿಲ್ಲ, ಕೆಲವಕ್ಕೆ ಮಾತ್ರ. "ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ" ಎಂದು ತೋರಿಸುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಮರುದಿನ ಬೇರೆ ಫೋನಿಗೆ ಅದೇ ಕಥೆ. ಯಾರಿಗೆ ಮೊದಲು ಮೇಲಿನ ರೌಟರ್ ಉತ್ತರಿಸಿತೋ ಅವರಿಗೆ ಗೇಟ್‌ವೇ, ಅಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲು, 192.168.1.2 ಎಂದು ಬಂದಿರುತ್ತದೆ. ಆ ಬಾಗಿಲ ಹಿಂದೆ ದಾರಿಯೇ ಇಲ್ಲ. ಕೆಟ್ಟ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಏನೆಂದು ನೋಡಿದರೆ ಅರ್ಧ ನಿಮಿಷದಲ್ಲಿ ಪತ್ತೆ.

ಸ್ವಂತ ರೌಟರೇ ಮುಖ್ಯವಾಗಲಿ, ಕಂಪನಿಯ ಒಎನ್‌ಟಿ ಬರೀ ಮೋಡೆಮ್ ಆಗಿರಲಿ ಎನ್ನುವವರು ಬ್ರಿಡ್ಜ್ ಮೋಡ್ ಕೇಳಬೇಕು. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಸಾಧಾರಣ ಮನೆಗೆ ಅದರ ಅಗತ್ಯವೂ ಕಡಿಮೆ.

ಹೆಸರು ಒಂದೇ, ಚಾನೆಲ್ ಬೇರೆ

ಎರಡೂ ಕಡೆ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರೂ ಅಕ್ಷರಕ್ಷರ ಒಂದೇ ಇರಲಿ. ಡಬ್ಲ್ಯುಪಿಎ2 ಎಇಎಸ್ ಆದರೆ ಹಳೆಯ ಪ್ರಿಂಟರುಗಳೂ ಒಪ್ಪುತ್ತವೆ. ಚಾನೆಲ್ ಮಾತ್ರ ಬೇರೆಬೇರೆ: 2.4ರಲ್ಲಿ ಕೆಳಗೆ 1, ಮೇಲೆ 11, ಅಗಲ 20 ಮೆಗಾಹರ್ಟ್ಸ್. ಅಪಾರ್ಟ್‌ಮೆಂಟಿನಲ್ಲಿ 40 ಇಡುವುದು ಪಕ್ಕದವರಿಗೂ ಕಾಟ, ನಮಗೂ ಲಾಭವಿಲ್ಲ. 1, 6, 11 ಬಿಟ್ಟು 3, 4 ಎಂದು ನಡುವೆ ನುಸುಳುವುದು ಜಾಣತನದಂತೆ ಕಾಣುತ್ತದೆ, ನಿಜದಲ್ಲಿ ಎರಡೂ ಕಡೆಯ ಗದ್ದಲ ಕೇಳಿಸುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149, ಅಗಲ 80. ನಡುವಿನ 52ರಿಂದ 144ರ ಚಾನೆಲ್ಲುಗಳಲ್ಲಿ ರೌಟರ್ ಮೊದಲು ರೇಡಾರ್ ಇದೆಯೇ ಎಂದು ಕನಿಷ್ಠ ಒಂದು ನಿಮಿಷ ಕೇಳಿಸಿಕೊಂಡು ಆಮೇಲಷ್ಟೇ ಶುರುವಾಗಬೇಕು, ಕೆಲವು ಟಿವಿ ಸ್ಟಿಕ್ಕುಗಳಿಗೆ ಆ ಚಾನೆಲ್ಲುಗಳು ಕಾಣುವುದೂ ಇಲ್ಲ.

ಮಹಡಿ ಹತ್ತಿದರೂ ಫೋನು ಕೆಳಗಿನ ರೌಟರನ್ನೇ ಕಚ್ಚಿಕೊಂಡಿರುತ್ತದೆ ಎಂಬ ದೂರು ಬರುತ್ತದೆ. ಯಾವ ರೌಟರಿಗೆ ಅಂಟಬೇಕು ಎಂದು ತೀರ್ಮಾನಿಸುವುದು ಫೋನು. ಐಫೋನ್ ಸಿಗ್ನಲ್ ಮೈನಸ್ 70 ಡಿಬಿಎಂಗೆ ಇಳಿಯುವ ತನಕ ಬೇರೆಡೆ ನೋಡುವುದೇ ಇಲ್ಲ. ಆದ್ದರಿಂದ ಕೆಳಗಿನ 2.4 ರೇಡಿಯೊದ ಟ್ರಾನ್ಸ್‌ಮಿಟ್ ಪವರನ್ನು ಮೀಡಿಯಂಗೋ ಲೋಗೋ ಇಳಿಸಿ. ಎರಡು ರೌಟರ್ ಇದ್ದಾಗ ಎರಡೂ ಗಂಟಲು ಹರಿದುಕೊಳ್ಳಬೇಕಿಲ್ಲ.

ಮೆಶ್ ಕಿಟ್ (ಒಂದಾಗಿ ಕೆಲಸ ಮಾಡುವ ವೈಫೈ ಪೆಟ್ಟಿಗೆಗಳ ಸೆಟ್) ಕೊಳ್ಳಬಲ್ಲವರು ಕೊಳ್ಳಿ, ಈ ಅಂಟುವ–ಬಿಡುವ ವ್ಯವಹಾರವನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ಆದರೆ ಅದಕ್ಕೂ ಇದೇ ವೈರನ್ನು ಕೊಡಿ, ಒಎನ್‌ಟಿಯ ಹಿಂದೆ ಅದೂ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿರಲಿ, ಒಎನ್‌ಟಿಯ ಸ್ವಂತ ವೈಫೈ ಆಫ್ ಆಗಿರಲಿ.

94 ಬಂದರೆ

200 ಅಥವಾ 300 ಎಂಬಿಪಿಎಸ್ ಪ್ಲಾನ್ ಇದ್ದು ಮಹಡಿಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ 93, 94ಕ್ಕೆ ಬಂದು ನಿಂತರೆ ವೈಫೈ ಬೈಯಬೇಡಿ. ಎಲ್ಲೋ ಒಂದು ಕಡೆ ಲಿಂಕು 100 ಎಂಬಿಪಿಎಸ್‌ಗೆ ಕಟ್ಟಿಕೊಂಡಿದೆ, ಹೆಡ್ಡರುಗಳ ಪಾಲು ಕಳೆದರೆ ಅದರಲ್ಲಿ ಉಳಿಯುವುದು ಅಷ್ಟೇ. ಗಿಗಾಬಿಟ್ ಲಿಂಕಿನಲ್ಲಿ ಇದೇ ಲೆಕ್ಕ 940ರ ಆಸುಪಾಸು.

ಹುಡುಕುವುದು ಹೀಗೆ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ನಿನ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಎಳೆ ಕಡಿದರೂ ಲಿಂಕು ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಗಿಗಾಬಿಟ್ ಪೋರ್ಟಿರುವ ಲ್ಯಾಪ್‌ಟಾಪನ್ನು ಮಹಡಿಯ ಸಾಕೆಟ್ಟಿಗೆ ನೇರ ಹಾಕಿ, ವಿಂಡೋಸಿನ ಈಥರ್ನೆಟ್ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಎಂದಿದ್ದರೆ ವೈರು ಸರಿ, ತಪ್ಪು ರೌಟರಿನ ಪೋರ್ಟಿನದು. ಡಬ್ಬಿಯ ಮೇಲೆ ಎಸಿ1200 ಎಂದು ದಪ್ಪಕ್ಷರದಲ್ಲಿ ಬರೆದ ಅಗ್ಗದ ರೌಟರುಗಳಲ್ಲಿ ಎಷ್ಟೋ 10/100 ಪೋರ್ಟಿನವು. 300 ಮತ್ತು 867 ಎಂಬ ಎರಡು ರೇಡಿಯೊಗಳ ಕಾಗದದ ವೇಗ ಕೂಡಿಸಿ, ದುಂಡು ಮಾಡಿ ಆ 1200 ಬಂದಿದೆ, ಪೋರ್ಟಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಎನ್‌ಟಿಯಲ್ಲೂ ಒಮ್ಮೊಮ್ಮೆ ನಾಲ್ಕರಲ್ಲಿ ಒಂದೇ ಪೋರ್ಟು ಗಿಗಾಬಿಟ್ ಇರುತ್ತದೆ, ಮಹಡಿಯ ವೈರು ಅದಕ್ಕೇ ಹೋಗಬೇಕು.

ಟಿವಿಯ ಪೋರ್ಟು 100ರದ್ದೇ ಆಗಿದ್ದರೆ ಚಿಂತೆಯಿಲ್ಲ, 4ಕೆ ಸ್ಟ್ರೀಮಿಗೆ 25 ಇದ್ದರೆ ಧಾರಾಳ. ಟಿವಿ, ಡೆಸ್ಕ್‌ಟಾಪ್, ಕ್ಯಾಮೆರಾ ರೆಕಾರ್ಡರ್ ಇವನ್ನು ಒಂದು 5 ಪೋರ್ಟಿನ ಗಿಗಾಬಿಟ್ ಸ್ವಿಚ್ಚಿನ (ಒಂದು ನೆಟ್‌ವರ್ಕ್ ವೈರನ್ನು ಹಲವು ಪೋರ್ಟಿಗೆ ಕವಲೊಡೆಸುವ ಪೆಟ್ಟಿಗೆ) ಮೂಲಕ ವೈರಿಗೆ ಹಾಕಿಬಿಟ್ಟರೆ ಗಾಳಿಯಲ್ಲಿ ಫೋನುಗಳಿಗೆ ಜಾಗ ಉಳಿಯುತ್ತದೆ.

ಎರಡು ಕೇಬಲ್ ಎಳೆಸಿದವರಿಗೆ ಒಂದು ಎಚ್ಚರಿಕೆ: ಎರಡನ್ನೂ ಒಂದೇ ಸ್ವಿಚ್ಚಿನಿಂದ ಒಂದೇ ರೌಟರಿಗೆ ಸಿಕ್ಕಿಸಿದರೆ ವೇಗ ಎರಡರಷ್ಟಾಗುವುದಿಲ್ಲ, ಲೂಪ್ ಆಗುತ್ತದೆ. ಒಂದು ಬ್ರಾಡ್‌ಕಾಸ್ಟ್ ಪ್ಯಾಕೆಟ್ ಸುತ್ತುತ್ತ ಸುತ್ತುತ್ತ ಹೆಚ್ಚಿ ಇಡೀ ಮನೆಯ ನೆಟ್‌ವರ್ಕ್ ಕ್ಷಣದಲ್ಲಿ ಕುಸಿಯುತ್ತದೆ. ಎಲ್ಲ ಪೋರ್ಟಿನ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗುತ್ತಿದ್ದರೆ ಒಂದೊಂದೇ ವೈರು ಕೀಳುತ್ತ ಬನ್ನಿ.

ಕರೆಂಟ್ ಹೋದಾಗ ಕೆಳಗಿನ ಒಎನ್‌ಟಿಗೆ ಮಾತ್ರ ಮಿನಿ ಯುಪಿಎಸ್ ಇದ್ದರೆ ಮಹಡಿಯಲ್ಲಿ ಕತ್ತಲೆಯೇ. ಮೇಲಿನ ರೌಟರಿಗೂ, ನಡುವಿನ ಸ್ವಿಚ್ಚಿಗೂ ಬೇಕು. ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿ ಕೊಳ್ಳಿ. ಒಎನ್‌ಟಿಗಳು ಹೆಚ್ಚಾಗಿ 12 ವೋಲ್ಟಿನವು, ಸಣ್ಣ ರೌಟರುಗಳಲ್ಲಿ 9 ವೋಲ್ಟಿನವೂ ಉಂಟು, ಪಿನ್ನು ಎರಡಕ್ಕೂ ಕೂರುತ್ತದೆ ಎನ್ನುವುದೇ ಅಪಾಯ.

ಮನೆಯಿಂದ ಔಟ್‌ಹೌಸಿಗೆ

ಮಲೆನಾಡು, ಕರಾವಳಿಯ ಮನೆಗಳಲ್ಲಿ ಪ್ರಶ್ನೆ ಮಹಡಿಯದಲ್ಲ, ಅಂಗಳದಾಚೆಯ ಔಟ್‌ಹೌಸು, ಹೋಮ್‌ಸ್ಟೇ ಕೋಣೆ, ಅಡಿಕೆ ಸುಲಿಯುವ ಶೆಡ್ಡಿನದು. ಅಲ್ಲಿಗೆ ಈಥರ್ನೆಟ್ ವೈರು ಎಳೆಯಬೇಡಿ. 100 ಮೀಟರಿನ ಮಿತಿ ಒಂದು ಕಾರಣ. ಸಿಡಿಲು ಅದಕ್ಕಿಂತ ದೊಡ್ಡ ಕಾರಣ. ಹತ್ತಿರದಲ್ಲೆಲ್ಲೋ ಬಡಿದರೂ ಉದ್ದ ತಾಮ್ರದಲ್ಲಿ ಹುಟ್ಟುವ ವೋಲ್ಟೇಜು ಎರಡೂ ತುದಿಯ ಪೆಟ್ಟಿಗೆಗಳನ್ನು ಸುಡುತ್ತದೆ. ಎರಡು ಕಟ್ಟಡಕ್ಕೆ ಅರ್ತಿಂಗ್ ಬೇರೆಬೇರೆ ಇರುವುದು ಇನ್ನೊಂದು ತೊಡಕು.

ಅಲ್ಲಿಗೆ ಫೈಬರ್ ಹಾಕಿ. ಕಂಬದಿಂದ ಮನೆಗೆ ಬರುವಂಥದೇ ಡ್ರಾಪ್ ಕೇಬಲ್, ಒಂದು ಜೊತೆ ಗಿಗಾಬಿಟ್ ಸಿಂಗಲ್ ಮೋಡ್ ಮೀಡಿಯಾ ಕನ್ವರ್ಟರ್ (ಈಥರ್ನೆಟ್ಟನ್ನು ಫೈಬರಿನ ಬೆಳಕಿಗೂ ಬೆಳಕನ್ನು ಈಥರ್ನೆಟ್ಟಿಗೂ ಬದಲಿಸುವ ಪೆಟ್ಟಿಗೆ). ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರುಗಳಲ್ಲಿ ಎ ಮತ್ತು ಬಿ ಎಂದಿರುತ್ತದೆ: ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತಿರುಗಾಮುರುಗ. ಎರಡೂ ಎ ತಂದರೆ ದೀಪ ಹತ್ತುವುದಿಲ್ಲ. ಎರಡು ಎಳೆಯ ಕೇಬಲ್ಲೇ ಹಾಕಿಸಿ, ಒಂದು ಕಡಿದರೆ ಇನ್ನೊಂದಿರುತ್ತದೆ. ತುದಿಗೆ ಎಸ್‌ಸಿ ಕನೆಕ್ಟರ್ ಸ್ಪ್ಲೈಸ್ ಮಾಡುವ, ಅಂದರೆ ಬೆಸೆಯುವ, ಯಂತ್ರ ಊರಿನ ಕೇಬಲ್ ಆಪರೇಟರ ಬಳಿ ಇರುತ್ತದೆ. ತುದಿಯ ಬಣ್ಣ ಎರಡೂ ಕಡೆ ಒಂದೇ ಇರಲಿ, ನೀಲಿಗೆ ನೀಲಿ ಇಲ್ಲವೇ ಹಸಿರಿಗೆ ಹಸಿರು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯ ಜತೆ ಸರಿಯಾಗಿ ಕೂರುವುದಿಲ್ಲ. ಕನ್ವರ್ಟರುಗಳಿಗೆ ಬಹುಪಾಲು ನೀಲಿಯೇ ಬೇಕು. ಡ್ರಾಪ್ ಕೇಬಲ್ಲಿನ ಜತೆಗಿರುವ ಉಕ್ಕಿನ ತಂತಿಯನ್ನು ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ, ಮನೆಯೊಳಗೆ ತಂದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ಉಳಿದ ಕೇಬಲ್ಲನ್ನು ಕೈಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಸಿಕ್ಕಿಸಿದ ಫೈಬರಿನ ಇನ್ನೊಂದು ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡುವ ಚಾಳಿ ಬೇಡ, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಔಟ್‌ಹೌಸಿನ ಕನ್ವರ್ಟರಿನಿಂದ ಹೊರಬರುವ ಈಥರ್ನೆಟ್ಟಿಗೆ ಮತ್ತದೇ ಆಕ್ಸೆಸ್ ಪಾಯಿಂಟ್, ವಿಳಾಸ 192.168.1.3, ಡಿಎಚ್‌ಸಿಪಿ ಆಫ್, 2.4ರ ಚಾನೆಲ್ 6.

ಫೈಬರಿನ ಬದಲು ಎರಡು ಹೊರಾಂಗಣ 5 ಗಿಗಾಹರ್ಟ್ಸ್ ಆಂಟೆನಾಗಳನ್ನು ಎದುರುಬದುರು ನಿಲ್ಲಿಸುವುದೂ ಒಂದು ದಾರಿ, ನಡುವೆ ಏನೂ ಅಡ್ಡ ಇಲ್ಲದಿದ್ದರೆ. ಅಡಿಕೆ ತೋಟ ಅಡ್ಡ ಇದ್ದರೆ ಬೇಸಿಗೆಯಲ್ಲಿ ಹೇಗೋ ನಡೆದ ಲಿಂಕು ಸೋಗೆಗಳು ಮಳೆಗೆ ನೆನೆದ ಕೂಡಲೇ ಕುಂಟುತ್ತದೆ, ಅಲ್ಲಿ ಫೈಬರೇ ಸರಿ.